ಇಂಜಿನ್ ಬಂದ್ ಮಾಡಿ ಇಳಿಯುವ ಊರು

ಮೂಡಿಗೆರೆ: ಫೋನ್ ಬರುವ ಇಳಿಜಾರು

ಇಳಿಜಾರು ಬಂತೆಂದರೆ ನಮ್ಮ ಮಲ್ಲೇಶಣ್ಣನಿಗೆ ಫೋನ್ ಬರುತ್ತದೆ. ನೆಟ್‌ವರ್ಕ್ ಇರಲೇಬೇಕೆಂದಿಲ್ಲ. ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಮೊಬೈಲನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, “ಹ್ಞಾಂ ಹೇಳಿ ಹೇಳಿ, ಒಂದೂವರೆ ಇಂಚಿನ ಪೈಪಿದೆ, ಮೋಟ್ರೂ ಇದೆ” ಎನ್ನುತ್ತ, ಎಮ್ಮೆ ಹಿಡಿದುಕೊಂಡು ಹೋದ ಹಾಗೆ ಗಾಡಿಯನ್ನು ಕೈಯಲ್ಲೇ ನಡೆಸಿಕೊಂಡು ಗುಡ್ಡ ಇಳಿಯುತ್ತಾರೆ. ಬುಡ ಮುಟ್ಟಿದ ಕೂಡಲೇ ಫೋನ್ ಕಟ್ಟಾಗುತ್ತದೆ.

ಏರು ಸಿಕ್ಕರೆ ಮಾತ್ರ ಆ ಮನುಷ್ಯನನ್ನು ಹಿಡಿಯುವವರಿಲ್ಲ. ಐವತ್ತು ದಾಟಿದ, ಹೊಟ್ಟೆ ಒಂದು ಹೆಜ್ಜೆ ಮುಂದಿರುವ, ಹಣೆಗೆ ವಿಭೂತಿ ಎಳೆದುಕೊಂಡ ಈ ಪೈಪ್ ಅಂಗಡಿ ಯಜಮಾನರು ಡರ್ಟ್ ಬೈಕಿನ ಮೇಲೆ ಎದ್ದು ನಿಂತು ಕಲ್ಲು ಚಿಮ್ಮಿಸಿಕೊಂಡು ಹತ್ತುವುದನ್ನು ನೋಡಿದರೆ, ಪೈಪು ಕೊಳ್ಳಲು ಬಂದವರು ಪೈಪು ಮರೆತು ಬೈಕಿನ ಬೆಲೆ ಕೇಳುತ್ತಾರೆ. ಆದರೆ ಹಿಂದೊಮ್ಮೆ ಕಳಸದ ದಾರಿಯ ಒಂದು ಎಸ್ಟೇಟಿನ ಇಳಿಜಾರಿನಲ್ಲಿ, ಭಾನುವಾರ ಸೇರಿದ್ದ ನಮ್ಮ ಗುಂಪಿನ ಎಲ್ಲರ ಕಣ್ಣೆದುರಿಗೇ, ಪಲ್ಟಿ ಹೊಡೆದು ಭುಜದ ಮೂಳೆ ಮುರಿದುಕೊಂಡರು. ಮೂಳೆ ಕೂಡಿತು. ಇಳಿಯುವ ಧೈರ್ಯ ಕೂಡಲಿಲ್ಲ.

ನಾನು ಸುಧಿ. ಮೂಡಿಗೆರೆ ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಶೆಡ್ಡಿನಲ್ಲಿ ಹಳೇ ಗಾಡಿಗಳನ್ನು ಕೊಯ್ದು, ಎತ್ತರಿಸಿ, ಗುಡ್ಡಕ್ಕೆ ಹೊಂದಿಸಿ ಕೊಡುವುದು ನನ್ನ ಕಸುಬು. ಎಲ್ಲರನ್ನೂ ಅಣಕಿಸುವುದು ನನ್ನ ರೋಗ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು, ಜೀಪ್ ಡ್ರೈವರು, ಕೆಮ್ಮುವ ಕಾರ್ಬುರೇಟರು, ಯಾರನ್ನೂ ಬಿಟ್ಟವನಲ್ಲ. ಗಿರಾಕಿ ಬೈದಾಗ ಬಾಲ ಮುದುರುವ ನನ್ನನ್ನೂ ಬಿಟ್ಟಿಲ್ಲ. ಮಲ್ಲೇಶಣ್ಣನ ಟೂ-ಸ್ಟ್ರೋಕ್ ಗಾಡಿ ಕಟ್ಟಿದವನು ನಾನೇ. ಅವರು ಬಿದ್ದ ಮೇಲೆ ಅದು ಅಂಗಡಿ ಹಿಂದೆ ಟಾರ್ಪಾಲು ಹೊದ್ದು ಮಲಗಿತ್ತು. ಭಾನುವಾರ ನನ್ನ ಶೆಡ್ಡಿನ ಯಾವುದಾದರೊಂದು ಡಕೋಟ ಗಾಡಿ ಹತ್ತುತ್ತಿದ್ದರೇ ಹೊರತು ಅದನ್ನು ಮುಟ್ಟುತ್ತಿರಲಿಲ್ಲ. ನನಗೆ ಅದರ ಮೇಲೆ ಕಣ್ಣಿತ್ತು. ಮುಚ್ಚಿಡುವುದೇಕೆ, ಎರಡೂ ಕಣ್ಣಿದ್ದವು.

ಒಂದು ದಿನ ಶೆಡ್ಡಿನಲ್ಲಿ ವಿಯೆಟ್ನಾಮಿನ ವಿಡಿಯೋ ತೋರಿಸಿದೆ. ಅಲ್ಲಿಯೂ ನಮ್ಮ ಹಾಗೆಯೇ ಕಾಫಿ ಗುಡ್ಡಗಳು. ಕಾಫಿ ಹಣ್ಣಿನ ಮೂಟೆ ಹೇರಿದ ಬೈಕುಗಳು ಗೋಡೆಯಂಥ ಇಳಿಜಾರನ್ನು ಸರಸರ ಇಳಿಯುತ್ತಿದ್ದವು. ಹಿನ್ನೆಲೆಯಲ್ಲಿ ಯಾರೋ ಗಂಟಲು ಕಿತ್ತುಕೊಂಡು ಹಾಡುತ್ತಿದ್ದರು.

ಮಲ್ಲೇಶಣ್ಣ ಅದನ್ನೇ ಮತ್ತೆ ಮತ್ತೆ ನೋಡಿದರು. “ಅಲ್ಲಿಗೆ ಹೋಗಾಣ ಸುಧಿ. ಇಲ್ಲಿ ಕಲಿಯಕ್ಕಾಗಲ್ಲ ಮಾರಾಯ. ಇಲ್ಲಿ ಮಗ್ಗಲಾದ್ರೆ ನಾನು ಎದ್ದು ಪ್ಯಾಂಟ್ ಒರ್ಸ್ಕೊಳ್ಳೋದ್ರೊಳ್ಗೆ ಸುದ್ದಿ ಅತ್ಲಾಗೆ ವಸ್ತಾರೆ ಊರು ಮುಟ್ಟಿರ್ತದೆ. ಅಲ್ಲಾದ್ರೆ ನನ್ನ ಗುರ್ತು ಯಾರಿಗಿದೆ?”

“ಅಲ್ಲೂ ಬರ್ಲಿಲ್ಲ ಅಂದ್ರೆ ಅಣ್ಣ?”

“ಬರ್ಲಿಲ್ಲ ಅಂದ್ರೆ ಟಾರ್ಪಲ್ ತೆಗ್ದು ಆ ಗಾಡಿ ನೀನೇ ಎತ್ಕಂಡ್ ಹೋಗು. ನಂಗೆ ದಿನಾ ಅದ್ರ ಮುಖ ನೋಡಕ್ಕಾಗಲ್ಲ.”

ಹೀಗೆ, ಶಿಷ್ಯ ಫೇಲಾದರೆ ಮೇಷ್ಟ್ರಿಗೆ ಬಹುಮಾನ ಎಂಬಂಥ ಕರಾರಿನ ಮೇಲೆ ನಾನು ಜೀವನದಲ್ಲಿ ಮೊದಲ ಸಲ ವಿಮಾನ ಹತ್ತಿದೆ. ಟಿಕೆಟ್ ಅವರದು, ಸ್ಪ್ಯಾನರ್ ನನ್ನದು.

“ಇಲ್ಲಿ ಬಿದ್ದಿದ್ದು ಸಾಲ್ದು ಅಂತ ವಿಮಾನ ಹತ್ತಿ ಹೋಗಿ ಬೀಳ್ತಾರಂತೆ ನಿಮ್ಮಣ್ಣ” ಎಂದು ಅವರ ಹೆಂಡತಿ ಗಿರಿಜಕ್ಕ ಚಟ್ನಿಪುಡಿ ಡಬ್ಬಿಯ ಮುಚ್ಚಳಕ್ಕೆ ಟೇಪು ಸುತ್ತುತ್ತ ಹೇಳಿದರು. “ನೀನು ಜೊತೇಲಿರ್ತೀಯ ಅಂತ ಕಳಿಸ್ತಿದೀನಿ. ಆಡ್ಕೊಂಡು ನಕ್ಕು ಅವ್ರನ್ನ ಬೀಳಿಸ್ಬೇಡ.”

ಸೈಗಾನ್: ಬಸ್ಸಿನ ಬಾಗಿಲಲ್ಲಿ ಒಂದು ಕವರು

ಸೈಗಾನ್ ನಗರದಲ್ಲಿ ರಸ್ತೆ ದಾಟುವುದಕ್ಕೆ ಒಂದೇ ನಿಯಮ: ನಿಲ್ಲಬಾರದು. ಸ್ಕೂಟರುಗಳ ಹೊಳೆಯೊಳಗೆ ನಿಧಾನಕ್ಕೆ ನಡೆಯುತ್ತಿದ್ದರೆ ಅವು ಕಲ್ಲನ್ನು ಬಳಸುವ ನೀರಿನಂತೆ ನಿಮ್ಮನ್ನು ಬಳಸಿ ಹೋಗುತ್ತವೆ. ಮಲ್ಲೇಶಣ್ಣ ನಮ್ಮೂರಿನ ಅಭ್ಯಾಸದಲ್ಲಿ ನಡುರಸ್ತೆಯಲ್ಲಿ ನಿಂತು ಕೈ ಎತ್ತಿದರು. ಅವರು ಯಾರಿಗೋ ಟಾಟಾ ಮಾಡುತ್ತಿದ್ದಾರೆಂದು ಬಗೆದು ಮೂರ್ನಾಲ್ಕು ಜನ ತಿರುಗಿ ಟಾಟಾ ಮಾಡಿ ಹೋದರು.

ಗುಡ್ಡಕ್ಕೆ ಹೋಗುವ ಮಲಗುವ ಬಸ್ಸಿನ ಬಾಗಿಲಲ್ಲಿ ಕಂಡಕ್ಟರು ಒಂದೊಂದು ಪ್ಲಾಸ್ಟಿಕ್ ಕವರು ಕೊಟ್ಟ. ಮಲ್ಲೇಶಣ್ಣನಿಗೆ ಅವಮಾನವಾಯಿತು.

“ನಂಗೆ ವಾಂತಿ ಬರಲ್ಲಪ್ಪ. ನಾವು ಚಾರ್ಮಾಡಿ ಘಾಟಿ ನೋಡಿದವ್ರು” ಎಂದು ಕವರು ವಾಪಸ್ ಕೊಟ್ಟರು. ಅವನು ಮತ್ತೆ ಕೊಟ್ಟ. ಇವರು ಹೊಟ್ಟೆ ತಟ್ಟಿ ತೋರಿಸಿ, ಗಟ್ಟಿಯಾಗಿದೆ ಎಂದರು. ಹಿಂದೆ ನಿಂತಿದ್ದ ಹೆಂಗಸೊಬ್ಬರು ತಾಳ್ಮೆಗೆಟ್ಟು ತಮ್ಮ ಚಪ್ಪಲಿ ಕಳಚಿ ಕವರಿಗೆ ಹಾಕಿಕೊಂಡು ಬರಿಗಾಲಲ್ಲಿ ಹತ್ತಿದರು. ಆಗ ಅರ್ಥವಾಯಿತು. ಬಸ್ಸೊಳಗೆ ಚಪ್ಪಲಿ ಹಾಕುವಂತಿಲ್ಲ. ನಮ್ಮಲ್ಲಿ ದೇವಸ್ಥಾನಕ್ಕೆ ಕೊಡುವ ಮರ್ಯಾದೆ ಅಲ್ಲಿ ಬಸ್ಸಿಗೆ.

ಘಟ್ಟ ಹತ್ತಿದ ಮೇಲೆ ಮಲ್ಲೇಶಣ್ಣ ಮಲಗಲೇ ಇಲ್ಲ. ಕಿಟಕಿಗೆ ಮೂಗು ಒತ್ತಿ ಕೂತರು.

“ಸುಧಿ, ಮರಾನೇ ಇಲ್ವಲ್ಲೋ! ನೆರಳೇ ಇಲ್ದೆ ಕಾಫಿ ಬತ್ತಲೆ ನಿಂತಿದೆ. ಮೆಣಸು ನೋಡು, ಸಿಮೆಂಟ್ ಕಂಬಕ್ಕೆ ಹಬ್ಬಿಸಿದಾರೆ. ಅಯ್ಯೋ, ಹಣ್ಣು ರಸ್ತೆ ಪಕ್ಕದಲ್ಲೇ ಒಣಗ್ತಿದೆ! ನಮ್ಮ ಕಡೆ ರೈಟರ್ ನೋಡಿದ್ರೆ ಎದೆ ಬಡ್ಕೊಂಡು ಸಾಯ್ತಾರೆ.”

ಪಕ್ಕದ ಬರ್ತಿನವನು ಈ ಗಾಬರಿ ನೋಡಿ ಕವರು ಹುಡುಕಿ ಕೊಟ್ಟ. ಈ ಸಲದ್ದು ನಿಜವಾಗಿಯೂ ವಾಂತಿಯದು.

ಡಿ ಲಿನ್: ಐದಣ್ಣನ ಶೆಡ್ಡು

ವಿಡಿಯೋದ ಕೆಳಗಿದ್ದ ವಿಳಾಸ ಹಿಡಿದು ಹೋದೆವು. ಅದರಲ್ಲಿ ಗಂಟಲು ಕಿತ್ತುಕೊಳ್ಳುತ್ತಿದ್ದವನು ಡಿ ಲಿನ್ ಪಟ್ಟಣದ ಅಂಚಿನಲ್ಲಿ ಬೈಕ್ ಶೆಡ್ಡು ಇಟ್ಟುಕೊಂಡ ಮೆಕ್ಯಾನಿಕ್. ನಲವತ್ತರ ಆಸುಪಾಸು. ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು. ಬಾಚಣಿಗೆ ಜೇಬಿನಲ್ಲಲ್ಲ, ಸ್ಪ್ಯಾನರುಗಳ ಸಾಲಿನಲ್ಲಿ ಹದಿನಾಲ್ಕು ನಂಬರಿನ ಪಕ್ಕ. ಪ್ರತಿ ಬೋಲ್ಟು ಬಿಗಿಯಾದ ಮೇಲೆ ಒಂದು ಸಲ ಬಾಚಿಕೊಳ್ಳುತ್ತಾನೆ. ಮೂಲೆಯಲ್ಲಿ ಫ್ರಿಜ್ಜಿನಷ್ಟು ದೊಡ್ಡ ಸ್ಪೀಕರು. ಅದಕ್ಕೆ ಮೈಕು. ಇಂಜಿನ್ ಸ್ಟಾರ್ಟಾದರೆ ಒಂದು ಹಾಡು, ಆಗದಿದ್ದರೆ ದುಃಖದ ಹಾಡು.

ನಮ್ಮನ್ನು ನೋಡಿದವನೇ ಹೆಸರು ಕೇಳಲಿಲ್ಲ, ಫೋನಿನ ಅನುವಾದಕದಲ್ಲಿ ವಯಸ್ಸು ಕೇಳಿದ. ಅಲ್ಲಿ ವಯಸ್ಸು ಗೊತ್ತಾಗದೆ ಮಾತೇ ಶುರುವಾಗದು. ಅಣ್ಣನೋ ತಮ್ಮನೋ ಚಿಕ್ಕಪ್ಪನೋ ತೀರ್ಮಾನವಾಗಬೇಕು. ಇದು ನಮಗೆ ಹೊಸದಲ್ಲ. ಹೊಸದೆಂದರೆ ಮುಂದಿನ ಪ್ರಶ್ನೆ: ನೀನು ಮನೆಯಲ್ಲಿ ಎಷ್ಟನೆಯವನು? ಆ ಕಡೆ ಹುಟ್ಟಿದ ಸಾಲಿನ ನಂಬರೇ ಕರೆಯುವ ಹೆಸರು. ಅವನ ಹೆಸರಿನ ಅರ್ಥ ಐದು. ಅಲ್ಲಿಂದಾಚೆ ಅವನು ನಮಗೆ ಐದಣ್ಣ. ಆದರೆ ಅವನು ಹುಟ್ಟಿದ್ದು ನಾಲ್ಕನೆಯವನಾಗಿ. ಅಲ್ಲಿ ಎಣಿಕೆ ಶುರುವಾಗುವುದೇ ಎರಡರಿಂದ.

“ನಾನು ಮನೆಗೆ ಹಿರೇ ಮಗ. ನಾನು ಹೆಂಗೆ ಎರಡು?” ಎಂದು ಮಲ್ಲೇಶಣ್ಣ ತಗಾದೆ ತೆಗೆದರು.

ದೆವ್ವಗಳು ಮೊದಲ ಮಗುವನ್ನು ಒಯ್ಯುತ್ತವೆ, ಅದಕ್ಕೇ ಮೊದಲನೆಯದಕ್ಕೂ ಎರಡು ಎನ್ನುತ್ತೇವೆ ಎಂದು ಐದಣ್ಣ ತಿಳಿಸಿದ. ಮಲ್ಲೇಶಣ್ಣ ಸ್ವಲ್ಪ ಯೋಚಿಸಿ, “ಒಳ್ಳೇದೇ ಬಿಡು” ಎಂದು ಎರಡಣ್ಣನಾಗಲು ಒಪ್ಪಿದರು.

ಶೆಡ್ಡಿನ ದೇವರು ನೆಲದ ಮೇಲಿತ್ತು. ಹೊಟ್ಟೆ ಬಿಟ್ಟುಕೊಂಡು ನಗುವ ಮುದುಕ. ಮುಖ ಬಾಗಿಲ ಕಡೆಗೆ. ಎದುರಿಗೆ ಒಂದು ಲೋಟ ಕಪ್ಪು ಕಾಫಿ, ಹಚ್ಚಿಟ್ಟ ಒಂದು ಸಿಗರೇಟು. ಮಲ್ಲೇಶಣ್ಣ ಕೈ ಮುಗಿದು, “ಗಿರಾಕಿ ಬಂದ್ರೆ ಮೊದ್ಲು ಕಾಣ್ಬೇಕಲ್ಲ, ಅದ್ಕೇ ಕೆಳಗಿಟ್ಟಿದಾರೆ. ವ್ಯಾಪಾರ ತಿಳಿದ ದೇವ್ರು” ಎಂದರು. ಆಮೇಲೆ ತಮ್ಮ ಹೊಟ್ಟೆ ನೋಡಿಕೊಂಡು, ನಾನು ಬಾಯಿ ತೆರೆಯುವ ಮೊದಲೇ, “ನೀನೇನೂ ಹೇಳ್ಬೇಡ” ಎಂದರು.

ನನ್ನ ಕಣ್ಣು ಗಾಡಿಗಳ ಮೇಲಿತ್ತು. ನಾವು ಗಾಡಿ ಮಾರ್ಪಡಿಸುವುದೆಂದರೆ ಏನೋ ಒಂದನ್ನು ಸೇರಿಸುವುದು: ಲೈಟು, ಸ್ಟಿಕ್ಕರು, ಊರು ಕೇಳುವ ಸೈಲೆನ್ಸರು. ಅಲ್ಲಿ ತೆಗೆಯುತ್ತಾರೆ. ಮಡ್‌ಗಾರ್ಡ್ ಇಲ್ಲ, ಮೀಟರಿಲ್ಲ, ಟ್ಯಾಂಕಿನ ಬಣ್ಣವೂ ಇಲ್ಲ. ಹಿಂದೆ ಮೂಟೆಗಾಗಿ ಕಬ್ಬಿಣದ ಕುರ್ಚಿ. ಹಿಂದಿನ ಚಕ್ರಕ್ಕೆ ತಟ್ಟೆಯಷ್ಟು ದೊಡ್ಡ ಹಲ್ಲುಚಕ್ರ. ಮಳೆಗಾಲದ ಕೆಸರಿಗೆಂದು ಟೈರಿನ ಸುತ್ತ ಹಳೇ ಚೈನು ಸುತ್ತಿ ಬಿಗಿದಿದ್ದರು, ಕಾಲಿಗೆ ಗೆಜ್ಜೆ ಕಟ್ಟಿದ ಹಾಗೆ. ನಮ್ಮಲ್ಲಿ ಜೀಪು ಮಾಡುವ ಕೆಲಸ ಅಲ್ಲಿ ಈ ಅಸ್ಥಿಪಂಜರ ಮಾಡುತ್ತದೆ. ನಾನು ಒಂದೊಂದನ್ನೂ ಮುಟ್ಟಿ ಮುಟ್ಟಿ ನೋಡಿದೆ. ಐದಣ್ಣ ಹೆಮ್ಮೆಯಿಂದ ಬಾಚಿಕೊಂಡ.

ಕೆಂಪು ಗುಡ್ಡ: ಇಲ್ಲಿಯೂ ನೆಟ್‌ವರ್ಕ್ ಇಲ್ಲ

ಮರುದಿನ ನಮಗೆ ಎರಡು ಡರ್ಟ್ ಬೈಕ್ ಕೊಟ್ಟು, ತಾನೊಂದು ಅಸ್ಥಿಪಂಜರ ಹತ್ತಿ ಐದಣ್ಣ ಮುಂದೆ ಹೊರಟ. ಅಲ್ಲಿಯ ಮಣ್ಣು ಕುಂಕುಮದಂತಿದೆ. ಒಣಗಿದರೆ ಪುಡಿ, ಟೈರು ಎಲ್ಲಿ ಹೋಗುತ್ತದೋ ಟೈರಿಗೇ ಗೊತ್ತಿಲ್ಲ. ಕೊಯ್ಲಿನ ಕಾಲ. ತೋಟದ ತುಂಬ ಜನ ಗಿಡದ ಬುಡಕ್ಕೆ ಟಾರ್ಪಾಲು ಹಾಸಿ ಕೊಂಬೆಯಿಂದ ಹಣ್ಣು ಸವರಿ ಬೀಳಿಸುತ್ತಿದ್ದರು.

ಮೊದಲ ಏರನ್ನು ಮಲ್ಲೇಶಣ್ಣ ಎದ್ದು ನಿಂತು ಹತ್ತಿದರು. ಐದಣ್ಣ ಹೆಬ್ಬೆರಳೆತ್ತಿದ. ತುದಿಯಿಂದ ಆ ಕಡೆ ಇಳಿಜಾರು ಕಂಡಿತು. ಮಲ್ಲೇಶಣ್ಣನಿಗೆ ಫೋನ್ ಬಂತು.

ಐದಣ್ಣ ಮರ್ಯಾದಸ್ಥ. ದೊಡ್ಡ ವ್ಯಾಪಾರಿ ಎಂದುಕೊಂಡು ಕೆಳಗೆ ಕಾದ. ಎರಡನೇ ಗುಡ್ಡದಲ್ಲೂ ಕಾದ. ಮೂರನೆಯದರಲ್ಲಿ ಅವನೇ ತನ್ನ ಫೋನು ತೆಗೆದು, ಆಕಾಶಕ್ಕೆ ಹಿಡಿದು, ಸಿಗ್ನಲ್ ಇಲ್ಲದ್ದನ್ನು ನೋಡಿ, ಮತ್ತೆ ಜೇಬಿಗಿಟ್ಟುಕೊಂಡ.  ಅದು ಮಲ್ಲೇಶಣ್ಣನಿಗೆ ತಾಗಿತು.

“ಹೋಗ್ತೀನಿ ತಡಿ” ಎಂದು ಹತ್ತಿ ಕೂತರು. ಮುಂದಿನ ಚಕ್ರ ಅಂಚು ದಾಟಿತು. ಬೆನ್ನು ಹಿಂದಕ್ಕೆ ಬಾಗಿತು, ಕೈಗಳೆರಡೂ ನೆಟ್ಟಗಾದವು. ಇಂಜಿನ್ ಒಮ್ಮೆ ಅರಚಿತು, ಬ್ರೇಕು ಕಿರುಚಿತು, ಗಾಡಿ ಅಡ್ಡ ತಿರುಗಿತು. ಬೀಳಲಿಲ್ಲ. ಕಾಲು ಊರಿ ಇಳಿಜಾರಿನಲ್ಲೇ ಕುಸಿದು ಕೂತರು. ನಾನು ಓಡಿಹೋಗಿ ಗಾಡಿ ಹಿಡಿದೆ. ಅವರು ಹೆಲ್ಮೆಟ್ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

“ಗುಡ್ಡ ಎಳೀತದೆ ಕಣೋ. ಕೆಳಗಿಂದ ಯಾರೋ ಎಳೆದಂಗೆ. ಆಗಲ್ಲ ಬಿಡು. ಗಾಡಿ ನಿಂದೇ ಅನ್ಕೋ.”

ನಾನು, “ಛೆ, ಹಂಗೆಲ್ಲ ಹೇಳ್ಬೇಡಿ ಅಣ್ಣ” ಎಂದೆ. ಹೇಳಿದ್ದು ನಿಜ. ನನ್ನೊಳಗಿನ ಇನ್ನೊಬ್ಬ ಆಗಲೇ ಆ ಗಾಡಿಗೆ ಹಸಿರು ಬಣ್ಣ ಒಪ್ಪುತ್ತದೋ ಕಪ್ಪೋ ಎಂದು ಯೋಚಿಸುತ್ತಿದ್ದುದೂ ನಿಜ.

ಉಯ್ಯಾಲೆ ಕಾಫಿ

ಆ ದೇಶದ ರಸ್ತೆ ಬದಿಯ ಕಾಫಿ ಅಂಗಡಿಗಳಲ್ಲಿ ಕುರ್ಚಿಯ ಬದಲು ಬಲೆಯ ಉಯ್ಯಾಲೆಗಳಿರುತ್ತವೆ. ಕಾಫಿ ಕೇಳಿ, ಮಲಗಿ, ನಿದ್ದೆ ಹೊಡೆದು ಎದ್ದು ಹೋಗಬಹುದು. ನಮ್ಮ ಹೋಟೆಲಿನಲ್ಲಿ ಲೋಟ ಖಾಲಿಯಾದ ಮೇಲೆ ಸ್ವಲ್ಪ ಹೆಚ್ಚು ಕೂತರೆ ಟೇಬಲ್ ಒರೆಸುವ ಬಟ್ಟೆ ನಮ್ಮ ಮೂಗಿನವರೆಗೂ ಬರುತ್ತದೆ. ನಾವು ಡಿಕಾಕ್ಷನ್ ಇಳಿಸುವುದನ್ನು ಅಡುಗೆಮನೆಯ ಗುಟ್ಟಾಗಿ ಇಟ್ಟುಕೊಂಡರೆ, ಅಲ್ಲಿ ಒಬ್ಬೊಬ್ಬರ ಲೋಟದ ಮೇಲೂ ಒಂದೊಂದು ಪುಟ್ಟ ಫಿಲ್ಟರು ಕೂರಿಸಿ, ತೊಟ್ಟು ತೊಟ್ಟಾಗಿ ಇಳಿಯುವುದನ್ನು ನೋಡುತ್ತ ಕೂರಲು ಬಿಡುತ್ತಾರೆ. ಕೆಳಗೆ ಬೆರಳು ದಪ್ಪ ಸಿಹಿ ಹಾಲು. ಕುಡಿದರೆ ಎದೆ ಟೂ-ಸ್ಟ್ರೋಕಿನಂತೆ ಬಡಿಯುತ್ತದೆ.

ಮಲ್ಲೇಶಣ್ಣ ಉಯ್ಯಾಲೆಯೊಳಗೆ ಇಳಿದವರು ಬಲೆಗೆ ಬಿದ್ದ ಮೀನಾದರು. ಏಳಲು ಬರಲಿಲ್ಲ. ಅಂಗಡಿಯ ಹೆಂಗಸು, ತೋಟದಿಂದ ಬಂದ ನಾಲ್ಕಾರು ಜನ, ಎಲ್ಲರೂ ನಕ್ಕರು. ಜನ ನಕ್ಕರೆಂದರೆ ನನಗೆ ಮೈಕು ಸಿಕ್ಕ ಐದಣ್ಣನಂತಾಗುತ್ತದೆ. ಎದ್ದು ನಿಂತು ಶುರುಮಾಡಿದೆ. ಮಲ್ಲೇಶಣ್ಣ ಗುಡ್ಡ ಹತ್ತುವುದು, ಮಲ್ಲೇಶಣ್ಣನಿಗೆ ಫೋನ್ ಬರುವುದು. ಆಮೇಲೆ ಇಳಿಜಾರು: ಬೆನ್ನು ಹಿಂದೆ, ಕೈ ನೆಟ್ಟಗೆ, ಕಣ್ಣು ಕವಡೆ. “ಟುರ್ರ್‌ರ್... ವ್ಞಾಂಂ! ಕಿರ್ರ್!”

ಅಂಗಡಿ ಬಿದ್ದೂ ಬಿದ್ದೂ ನಕ್ಕಿತು. ಉಯ್ಯಾಲೆಯ ಕಡೆ ನೋಡಿದೆ. ಬಲೆಯ ಕಣ್ಣುಗಳ ಹಿಂದೆ ಮಲ್ಲೇಶಣ್ಣನ ಮುಖ. ನಗುತ್ತಿರಲಿಲ್ಲ. ತನ್ನ ಗುರುತು ಯಾರಿಗೂ ಇರಬಾರದೆಂದು ಇಷ್ಟು ದೂರ ಬಂದಿದ್ದ ಮನುಷ್ಯನ ಗುರುತನ್ನು ನಾನು ಒಂದು ಲೋಟ ಕಾಫಿ ಇಳಿಯುವಷ್ಟರಲ್ಲಿ ಊರಿಗೆಲ್ಲ ಹಂಚಿದ್ದೆ. 

ನಗದೆ ಇದ್ದ ಇನ್ನೊಬ್ಬ ಐದಣ್ಣ. ಕೈ ಎತ್ತಿ, ಇನ್ನೊಂದು ಸಲ ಮಾಡು ಎಂದು ಸನ್ನೆ ಮಾಡಿದ.

“ಬೇಡ ಐದಣ್ಣ” ಎಂದು ತಲೆಯಾಡಿಸಿದೆ. ಅವನು ಬಿಡಲಿಲ್ಲ. ಅಳುಕುತ್ತಲೇ ಮಾಡಿದೆ. “ಟುರ್ರ್‌ರ್... ವ್ಞಾಂ...”

“ವ್ಞಾಂ?” ಎಂದು ಐದಣ್ಣ ಅಲ್ಲೇ ತಡೆದ. ಹುಬ್ಬು ಗಂಟಿಕ್ಕಿ, ಎರಡೂ ಅಂಗೈ ಬಿಚ್ಚಿ ಕೇಳಿದ. ಇಳಿಜಾರಿನಲ್ಲಿ ವ್ಞಾಂ ಎಲ್ಲಿಂದ ಬಂತು?

 ಮಲ್ಲೇಶಣ್ಣನ ಇಳಿಜಾರನ್ನು ಊರಲ್ಲಿ ಎಷ್ಟೋ ಸಲ ಅಣಕಿಸಿದ್ದೇನೆ. ಪ್ರತಿ ಸಲವೂ ವ್ಞಾಂ ಅಂದಿದ್ದೇನೆ, ಯಾಕೆಂದರೆ ಅವರು ಬಿದ್ದ ದಿನ ಗಾಡಿ ಹಾಗೇ ಅಂದಿತ್ತು. ಬ್ರೇಕು ಹಿಡಿಯುವವನ ಇಂಜಿನ್ ಅರಚುವುದು ಏಕೆಂದು ಕೇಳಿಕೊಂಡೇ ಇರಲಿಲ್ಲ.

ಐದಣ್ಣನೂ ನಾನೂ ಸೇರಿ ಉಯ್ಯಾಲೆಯಿಂದ ಮಲ್ಲೇಶಣ್ಣನನ್ನು ಬಿಡಿಸಿ ಹೊರಗೆ ಗಾಡಿಯ ಮೇಲೆ ಕೂರಿಸಿದೆವು. ಐದಣ್ಣ ಅವರ ಎದೆಗೆ ಕೈಯಿಟ್ಟು ಹಿಂದಕ್ಕೆ ಬಾಗಿಸಿ, ಬ್ರೇಕ್ ಹಿಡಿ ಎಂದು ತೋರಿಸಿದ. ಮಲ್ಲೇಶಣ್ಣ ನಾಲ್ಕೂ ಬೆರಳು ಹಾಕಿ ಗಬಕ್ಕನೆ ಹಿಡಿದರು. ಮೈ ಹಿಂದಕ್ಕೆ ಹೋಗಿದ್ದರಿಂದ ಮಣಿಕಟ್ಟು ಕೆಳಗಿಳಿಯಿತು. ಅದರ ಜೊತೆಗೇ ಆಕ್ಸಿಲರೇಟರು ತಿರುಗಿತು.

ಬೆದರಿದಷ್ಟೂ ಹಿಂದಕ್ಕೆ ಬಾಗುತ್ತಿದ್ದರು. ಬಾಗಿದಷ್ಟೂ ಕೈ ಇಂಜಿನ್ನನ್ನು ಅರಚಿಸುತ್ತಿತ್ತು.

ಮಲ್ಲೇಶಣ್ಣ ತಮ್ಮ ಬಲಗೈಯನ್ನು ಬೇರೆಯವರದು ಎಂಬಂತೆ ನೋಡಿದರು. “ಹಂಗಾದ್ರೆ ಗುಡ್ಡ ಎಳೀತಿರ್ಲಿಲ್ವ? ನಾನೇ ದಬ್ಕಂತಿದ್ನ?”

ಮತ್ತೆ ಅದೇ ಗುಡ್ಡ

ಐದಣ್ಣ ಹಾಡಿಕೊಳ್ಳುತ್ತಲೇ ಗಾಡಿಯ ಬ್ರೇಕ್ ಲಿವರನ್ನು ಸಡಿಲಿಸಿ ಒಳಗೆ ಸರಿಸಿದ, ತುಸು ಕೆಳಗೂ ಬಾಗಿಸಿದ. ಈಗ ಅದಕ್ಕೆ ಒಂದೇ ಬೆರಳು ಎಟುಕುತ್ತಿತ್ತು. ಉಳಿದ ಮೂರಕ್ಕೆ ಹಿಡಿಯನ್ನು ಬಿಗಿಯುವ ಕೆಲಸ. ಆಮೇಲೆ ಗುಡ್ಡದ ತುದಿಯಲ್ಲಿ, ಇಳಿಜಾರಿನ ಅಂಚಿನಲ್ಲಿ, ಮಲ್ಲೇಶಣ್ಣನ ಗಾಡಿಯ ಇಂಜಿನ್ನನ್ನೇ ಬಂದ್ ಮಾಡಿಬಿಟ್ಟ.

ಆ ಊರಿನವರು ಮೂಟೆ ಹೇರಿಕೊಂಡು ಹಾಗೇ ಇಳಿಯುವುದಂತೆ. ಇಂಜಿನ್ ಬಂದ್, ಗಾಡಿ ಮೊದಲನೇ ಗೇರಿನಲ್ಲಿ. ಗೇರು ಹಿಂದಿನ ಚಕ್ರವನ್ನು ಕಚ್ಚಿ ಹಿಡಿದಿರುತ್ತದೆ. ಎಡಗೈಯ ಕ್ಲಚ್ಚನ್ನು ಮೆಲ್ಲಗೆ ಒತ್ತಿದರೆ ಚಕ್ರ ಉರುಳುತ್ತದೆ, ಬಿಟ್ಟರೆ ನಿಲ್ಲುತ್ತದೆ. ಬಲಗೈ ಎಷ್ಟೇ ತಿರುಚಿದರೂ ಏನೂ ಆಗದು. ವಿಡಿಯೋಗಳಿಗೆಲ್ಲ ಐದಣ್ಣ ತನ್ನ ಹಾಡು ಹಾಕಿದ್ದರಿಂದ ಗಾಡಿಗಳು ಸದ್ದಿಲ್ಲದೆ ಇಳಿಯುತ್ತಿವೆ ಎಂಬುದೇ ನಮಗೆ ಗೊತ್ತಾಗಿರಲಿಲ್ಲ.

“ಸುಧಿ” ಎಂದರು ಮಲ್ಲೇಶಣ್ಣ.

“ಹೇಳಿ ಅಣ್ಣ.”

“ಏನೂ ಶಬ್ದ ಮಾಡ್ಬೇಡ.”

ನಾನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೆ. ಚಕ್ರ ಅಂಚು ದಾಟಿತು. ಟೈರಿನ ಕೆಳಗೆ ಮಣ್ಣು ಪುಡಿಯಾಗುವುದು ಕೇಳಿಸುತ್ತಿತ್ತು. ಚೈನು ಟಿಕ್ ಟಿಕ್ ಅನ್ನುತ್ತಿತ್ತು. ದೂರದ ತೋಟದಲ್ಲಿ ಯಾರೋ ಯಾರನ್ನೋ ಕರೆದದ್ದು ಕೇಳಿಸಿತು. ಮಲ್ಲೇಶಣ್ಣ ಸ್ವಲ್ಪ ಉರುಳಿದರು, ನಿಂತರು. ಇನ್ನೂ ಸ್ವಲ್ಪ ಉರುಳಿದರು. ನಡುವೆ ಒಮ್ಮೆ ಬಹಳ ಹೊತ್ತು ನಿಂತರು. 'ಬಂತು ಫೋನು' ಎಂದುಕೊಂಡೆ. ಬರಲಿಲ್ಲ. ಕೆಳಗೆ ಮುಟ್ಟಿದರು. ಕೇಕೆ ಹಾಕಲಿಲ್ಲ, ಹಿಂತಿರುಗಿ ನೋಡಲಿಲ್ಲ. ಇಂಜಿನ್ ಸ್ಟಾರ್ಟ್ ಮಾಡಿ, ಪಕ್ಕದ ಏರು ಹತ್ತಿ ಬಂದು, ಯಾರ ಮುಖವನ್ನೂ ನೋಡದೆ ಮತ್ತೆ ಇಳಿದರು. ಮತ್ತೆ ಬಂದರು. ಮತ್ತೆ ಇಳಿದರು.

ಇನ್ನು ನನ್ನ ಸರದಿ. ಕಟ್ಟುವವನು ನಾನು, ಓಡಿಸಲು ಬರುವುದಿಲ್ಲವೇ? ಇಂಜಿನ್ ಬಂದ್ ಮಾಡಿ ಇಳಿದೆ. ಅರ್ಧ ದಾರಿಯಲ್ಲಿ ಚಕ್ರ ಜಾರಿತು. ಗಾಬರಿಯಾದರೆ ಕ್ಲಚ್ ಪೂರ್ತಿ ಹಿಡಿಯುವುದು ನನ್ನ ಹಳೇ ಚಾಳಿ. ಅಲ್ಲಿ ಕ್ಲಚ್ ಪೂರ್ತಿ ಹಿಡಿಯುವುದೆಂದರೆ ಚಕ್ರವನ್ನು ಪೂರ್ತಿ ಕೈಬಿಡುವುದು. ಗಾಡಿ ಎಡಕ್ಕೆ, ನಾನು ಬಲಕ್ಕೆ, ಒಂದು ರೊಬಸ್ಟಾ ಕಾಫಿ ಗಿಡದ ಹೊಟ್ಟೆಯೊಳಕ್ಕೆ. ಹೆಲ್ಮೆಟ್ ತೆಗೆದರೆ ಒಳಗಿಂದ ಹಣ್ಣು ಉದುರಿದವು.

ಮಲ್ಲೇಶಣ್ಣ ನಕ್ಕ ನಗು ಚಾರ್ಮಾಡಿಯವರೆಗೆ ಕೇಳಿಸಿರಬೇಕು. ಅಲ್ಲಿಗೇ ನಿಲ್ಲಿಸಲಿಲ್ಲ, ಸಂಜೆ ಶೆಡ್ಡಿನಲ್ಲಿ ಐದಣ್ಣನ ಮುಂದೆ ನನ್ನನ್ನು ಅಣಕಿಸಿಯೂ ತೋರಿಸಿದರು. ಬಹಳ ಕೆಟ್ಟದಾಗಿ ಮಾಡಿದರು. ಆದರೂ ಐದಣ್ಣ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಮೈಕು ಅವರ ಕೈಗೇ ಕೊಟ್ಟ.

“ಹಂಗಾದ್ರೆ ಗಾಡಿ ನಿಮ್ದೇ ಆಯ್ತಲ್ಲ” ಎಂದೆ, ಕತ್ತಿನಿಂದ ಕಾಫಿ ಕಡ್ಡಿ ತೆಗೆಯುತ್ತ.

ಮಲ್ಲೇಶಣ್ಣ ನಗು ನಿಲ್ಲಿಸಿದರು. “ಇಲ್ಲ. ಇದು ಲೆಕ್ಕಕ್ಕಿಲ್ಲ. ಇಲ್ಲಿ ನಾನು ಯಾರೋ ಎರಡು. ನಮ್ಮೂರಲ್ಲಿ, ಬಿದ್ದ ಜಾಗದಲ್ಲೇ, ನಮ್ಮ ಜನರ ಮುಂದೆ ಇಳಿದ್ರೆ ಲೆಕ್ಕ.”

ನನ್ನೊಳಗಿನ ಬಣ್ಣ ಹೊಡೆಯುವವನು ಮತ್ತೆ ಬ್ರಷ್ ಎತ್ತಿಕೊಂಡ.

ಕಳಸದ ದಾರಿ

ಊರಿಗೆ ಬಂದ ಮೇಲೆ ಟಾರ್ಪಾಲು ತೆಗೆದೆವು. ನನ್ನದಾಗಬಹುದಾಗಿದ್ದ ಗಾಡಿಯ ಲಿವರನ್ನು ನಾನೇ ಒಳಗೆ ಸರಿಸಿದೆ, ನಾನೇ ಬೋಲ್ಟು ಬಿಗಿದೆ. ಮಲ್ಲೇಶಣ್ಣ ಪಕ್ಕದ ಸ್ಟೂಲಿನಲ್ಲಿ ಕೂತು, “ಇನ್ನೊಂದ್ ಕೂದ್ಲೆಳೆ ಕೆಳಗೆ” ಎನ್ನುತ್ತಿದ್ದರು. ವಿದೇಶಕ್ಕೆ ಹೋಗಿ ಬಂದವರ ಕಾಟ ಇದು.

ಭಾನುವಾರ ಅದೇ ಎಸ್ಟೇಟು, ಅದೇ ಇಳಿಜಾರು. ನಮ್ಮ ಕಡೆ ರೊಬಸ್ಟಾ ಕೊಯ್ಲು ನಡೆದಿತ್ತು. ಓನರಿಗೆ ಕೆಲಸದ ತುರ್ತು, ಆಳುಗಳು ಭಾನುವಾರವೂ ಬಂದಿದ್ದರು. ಮೇಸ್ತ್ರಿ, ಹಣ್ಣು ಕೊಯ್ಯುವ ಹೆಂಗಸರು, ನಮ್ಮ ಗುಂಪಿನ ಹುಡುಗರು, ಎಲ್ಲರಿಗೂ ಮಲ್ಲೇಶಣ್ಣ ಗೊತ್ತು, ಬಿದ್ದದ್ದೂ ಗೊತ್ತು. ಹೆಂಗಸರು ಇಳಿಜಾರಿನ ನಡುವೆ ಎರಡೂ ಬದಿ ಮೂಟೆ ಕಟ್ಟುತ್ತಿದ್ದರು. ಗಿರಿಜಕ್ಕ ಬರಲಿಲ್ಲ. “ನೋಡಕ್ಕಾಗಲ್ಲ. ಆದ್ಮೇಲೆ ಫೋನ್ ಮಾಡಿ” ಎಂದಿದ್ದರು.

ನಾನು ಮಲ್ಲೇಶಣ್ಣನ ಹಿಂದೆ ಕೂತೇ ತುದಿಯವರೆಗೆ ಹೋಗಿದ್ದೆ. ಅಲ್ಲಿ ನನ್ನನ್ನು ಇಳಿಸಿ, ಅವರು ಇಂಜಿನ್ ಬಂದ್ ಮಾಡಿದರು. ಕೆಳಗೆ ಗುಜುಗುಜು ನಿಂತಿತು. ಚಕ್ರ ಉರುಳಿತು. ಬೆನ್ನು ಸರಿಯಾಗಿತ್ತು, ಬೆರಳು ಒಂದೇ ಇತ್ತು.

ನಾವು ಒಂದು ವಿಷಯ ಮರೆತಿದ್ದೆವು. ನಮ್ಮೂರಿನಲ್ಲಿ ಸದ್ದಿಲ್ಲದೆ ಬರುವ ಗಾಡಿ ಎಂದರೆ ಕೆಟ್ಟ ಗಾಡಿ. ಕೆಟ್ಟ ಗಾಡಿ ಕಂಡರೆ ನಮ್ಮ ಜನ ನೋಡುತ್ತ ನಿಲ್ಲುವವರಲ್ಲ.

“ಅಯ್ಯೋ, ಅಣ್ಣೋರ ಗಾಡಿ ಆಫ್ ಆಗೋಯ್ತು! ಹಿಡೀರೇ!” ಎಂದು ಒಬ್ಬಾಕೆ ಕೂಗಿದಳು. ಮೂಟೆ ಬಿಟ್ಟು ನಾಲ್ಕು ಜನ ಓಡಿಬಂದು ಹ್ಯಾಂಡಲ್ಲು, ಸೀಟು, ಮಲ್ಲೇಶಣ್ಣನ ಬೆಲ್ಟು, ಸಿಕ್ಕಿದ್ದನ್ನೆಲ್ಲ ಹಿಡಿದುಕೊಂಡರು. ಗಾಡಿ ನಿಂತಿತು. ಸರಿಯಾಗಿ ನಡುವೆ. ಅವರು ಬಿದ್ದದ್ದು ಅಲ್ಲೇ.

“ಹೆದರ್ಬ್ಯಾಡಿ ಅಣ್ಣೋರೆ, ನಾವು ಬಿಡಲ್ಲ. ಇಳ್ಕಳಿ, ನಾವೇ ತಳ್ಕಂಡ್ ಹೋಗಿ ಕೊಡ್ತೀವಿ.”

ಇದಕ್ಕಿಂತ ಒಳ್ಳೆಯ ನೆಪ ಯಾವ ಫೋನೂ ಕೊಡುತ್ತಿರಲಿಲ್ಲ. ಮಲ್ಲೇಶಣ್ಣ ಇಳಿದಿದ್ದರೆ ಯಾರೂ ಒಂದು ಮಾತೂ ಆಡುತ್ತಿರಲಿಲ್ಲ. ಅವರು ಒಂದು ಕಾಲು ನೆಲಕ್ಕೆ ಊರಿದರು. ಮೇಲೆ ನಿಂತ ನಾನು ಉಸಿರು ಹಿಡಿದೆ. ಸುಳ್ಳೇಕೆ, ಆ ಉಸಿರಿನಲ್ಲಿ ಅರ್ಧ ಹಸಿರು ಬಣ್ಣವಿತ್ತು.

“ಕೈ ಬಿಡಿ” ಎಂದರು ಮಲ್ಲೇಶಣ್ಣ.

“ಬಿದ್ದೋಗ್ತೀರ!”

“ಬಿದ್ರೆ ಬೀಳ್ತೀನಿ ಕಣ್ರವ್ವ. ನೀವು ಕೈ ಬಿಡಿ.”

ಒಬ್ಬೊಬ್ಬರೇ ಕೈ ತೆಗೆದರು. ಕೊನೆಯಾಕೆ ಬೆಲ್ಟು ಬಿಡುವ ಮುಂಚೆ ಒಮ್ಮೆ ಜಗ್ಗಿ ನೋಡಿ ಬಿಟ್ಟಳು. ಮಲ್ಲೇಶಣ್ಣ ಕಾಲು ಎತ್ತಿಟ್ಟುಕೊಂಡರು. ಕ್ಲಚ್ಚು ಒತ್ತಿದರು. ಉಳಿದರ್ಧ ಗುಡ್ಡವನ್ನು, ಕಾಫಿ ಗಿಡಗಳ ನಡುವೆ, ಯಾವ ಅವಸರವೂ ಇಲ್ಲದೆ ಇಳಿದು ಹೋದರು. ಕೆಳಗೆ ನಿಂತು ಮೊದಲು ಫೋನ್ ತೆಗೆದರು. ಈ ಸಲ ನಿಜವಾಗಿಯೂ ಮಾತಾಡಿದರು. “ಗಿರಿಜಾ, ಇಳಿದೆ” ಎಂದಷ್ಟೇ ನನಗೆ ಕೇಳಿಸಿತು.

ಆಮೇಲೆ ತಲೆಯೆತ್ತಿ ಕೂಗಿದರು. “ಏ ಸುಧಿ! ಅಲ್ಲೇನ್ ನೋಡ್ತಾ ನಿಂತಿದೀಯ? ನಡ್ಕಂಡ್ ಬಾ. ಗಾಡಿ ನಂದು!”

ನಡೆದೇ ಇಳಿದೆ. ಅರ್ಧ ದಾರಿಯಲ್ಲಿ ಬೆಲ್ಟು ಹಿಡಿದಿದ್ದಾಕೆ ನನ್ನ ಖಾಲಿ ಕೈ ನೋಡಿದಳು. “ಹೆಂಗೂ ಕೆಳಗೆ ಹೋಗ್ತಿದೀಯಲ್ಲಪ್ಪ, ಇದೊಂದ್ ತಗಂಡ್ ಹೋಗು” ಎಂದು, ನಾನು ಹ್ಞೂಂ ಅನ್ನುವ ಮೊದಲೇ ಹಣ್ಣಿನ ಮೂಟೆಯೊಂದನ್ನು ಎತ್ತಿ ನನ್ನ ತಲೆಯ ಮೇಲಿಟ್ಟಳು. ನಾನು ಬಾಯಿ ಮುಚ್ಚಿಕೊಂಡು, ಮೊದಲನೇ ಗೇರಿನಲ್ಲಿ, ಗುಡ್ಡ ಇಳಿದೆ.